ಆಮೇಲೆ ಉಣ್ಣುವವಳು

ಬೆಂಗಳೂರಿನ ಈ ಪೂರ್ವದ ಕಡೆ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು ಎಂಬುದನ್ನು ನನ್ನನ್ನು ಕೇಳಿಕೊಂಡು ಹೊರಡುವುದು ಒಳ್ಳೆಯದು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಹಲಸೂರಿನಲ್ಲೇ ಹುಟ್ಟಿ ಬೆಳೆದವಳು ನಾನು. ಇಂದಿರಾನಗರದಲ್ಲಿ ಹೊರಗಿನಿಂದ ಬಂದು ನೆಲೆಸಿದವರಿಗೆ ಮಾತಾಡುವ ಕನ್ನಡ ಕಲಿಸುವುದು ನನ್ನ ಕೆಲಸ. ತರಕಾರಿ ಕೊಳ್ಳುವುದು, ಆಟೋದವರ ಜೊತೆ ಜಗ್ಗಾಡುವುದು, ಮನೆ ಓನರಿಗೆ ನೀರು ಬರುತ್ತಿಲ್ಲವೆಂದು ದೂರುವುದು, ಇವಿಷ್ಟು ನಾನು ಅವರಿಗೆ ಕಲಿಸುತ್ತೇನೆ. ಅವರು ನನಗೆ ಊಟ ಕಲಿಸುತ್ತಾರೆ. ಲೆಕ್ಕ ಹಾಕಿದರೆ ಲಾಭ ನನ್ನ ಕಡೆಗೇ ಜಾಸ್ತಿ.

ಶಿವಾಜಿನಗರದ ಕಬಾಬಿನ ಹೊಗೆ ನನಗೆ ಚಿಕ್ಕಂದಿನಿಂದ ಗೊತ್ತು, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಆದರೆ ಟಿಬೆಟಿನವರ ನೂಡಲ್ಸ್ ಸೂಪು ಥುಕ್ಪಾವನ್ನು ಸದ್ದು ಮಾಡಿಕೊಂಡೇ ಹೀರಬೇಕೆಂದು, ಮಣಿಪುರದ ಕಪ್ಪಕ್ಕಿಯ ಪಾಯಸ ನೇರಳೆ ಬಣ್ಣಕ್ಕೆ ತಿರುಗುವವರೆಗೆ ಒಲೆ ಬಿಟ್ಟು ಏಳಬಾರದೆಂದು ನನಗೆ ಶಿಷ್ಯರೇ ಹೇಳಿಕೊಟ್ಟದ್ದು. ಬರ್ಮಾದಿಂದ ಅಜ್ಜಂದಿರ ಕಾಲದಲ್ಲಿ ವಾಪಸಾದ ತಮಿಳು ಮನೆಯವರೊಬ್ಬರು ಗಾಡಿಯಲ್ಲಿ ಮಾರುವ ಅತ್ತೋವನ್ನು ಮಾತ್ರ ನಾನೇ ಹುಡುಕಿಕೊಂಡೆ. ನೂಡಲ್ಸಿಗೆ ಎಲೆಕೋಸು, ಕರಿದ ಈರುಳ್ಳಿ, ಹುಣಸೆರಸ ಹಾಕಿ ಕೈಯಲ್ಲೇ ಕಲಸಿ, ಪಕ್ಕದಲ್ಲಿ ಬಾಳೆದಿಂಡಿನ ಸೂಪು ಇಡುತ್ತಾರೆ. ನಾಲಿಗೆಗೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದೀಯ ಎಂದು ನನ್ನ ಗಂಡ ರೇಗಿಸುತ್ತಾರೆ. ಅವರಿಗೆ ಅನ್ನ ಸಾರು ಹೊತ್ತಿಗೆ ಸರಿಯಾಗಿ ಸಿಕ್ಕರೆ ಸಾಕು.

ಇಂಥ ನನ್ನ ಮನೆಯಲ್ಲೇ ಅಮ್ಮ ಊಟ ಬಿಟ್ಟಳು. ಜ್ವರ ಬಂದು ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬಂದಿದ್ದಳು. ರಕ್ತದ ಪರೀಕ್ಷೆ, ಸ್ಕ್ಯಾನು ಎಲ್ಲ ಸರಿಯಾಗಿಯೇ ಇತ್ತು. ಅನ್ನ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ತುತ್ತಿಗೆ ಸಾಕು ಎಂದು ತಟ್ಟೆ ಸರಿಸುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಇನ್ನೊಂದು ವಾರ ನೋಡೋಣ, ಹೀಗೇ ಆದರೆ ಮೂಗಿನಿಂದ ಟ್ಯೂಬ್ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು ಡಾಕ್ಟರು. ಅಮ್ಮ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು.

ಮನೆಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು. "ಅದೊಂದು ಬ್ಯಾಡ ಕಣೇ. ಮೂಗಿಗೆ ಕೊಳವೆ ಹಾಕಿಸ್ಬ್ಯಾಡ."

ನನಗೆ ತುಂಬ ಹೆದರಿಕೆಯಾಯಿತು. ನನ್ನ ಹೆದರಿಕೆ ಯಾವಾಗಲೂ ಸಿಟ್ಟಿನ ವೇಷದಲ್ಲೇ ಹೊರಗೆ ಬರುವುದು. ಹಾಗಾದರೆ ಬಾಯಿ ತೆಗೆದು ತಿನ್ನು ಎಂದು ಗದರಿ ಅಡುಗೆಮನೆಗೆ ಹೋದೆ.

ಅಮ್ಮ ಕೆ.ಆರ್. ಪುರದಾಚೆಯ ಹಳ್ಳಿಯವಳು. ಮುದ್ದೆ, ಬಸ್ಸಾರು, ಹುರುಳಿಕಾಳಿನ ಸಾರು, ರಾಗಿ ಗಂಜಿ, ಒಂದೊಂದಾಗಿ ಎಲ್ಲ ಮಾಡಿ ನೋಡಿದೆ. ಯಾವುದೂ ನಡೆಯಲಿಲ್ಲ. ಮನೆಯ ರುಚಿ ಬೇಸರವಾಗಿರಬೇಕೆಂದು ನನ್ನ ಹೊರಗಿನ ವಿದ್ಯೆಯನ್ನೆಲ್ಲ ಬಯಲಿಗಿಟ್ಟೆ. ಥುಕ್ಪಾ ತಂದೆ. ಮರ್ಫಿ ಟೌನಿನಲ್ಲಿ ಬಾಡಿಗೆಗಿರುವ ಮಣಿಪುರದ ಶಿಷ್ಯೆಯಿಂದ ಕಪ್ಪಕ್ಕಿಯ ಪಾಯಸ ಮಾಡಿಸಿಕೊಂಡು ಬಂದೆ. ಬಾಳೆದಿಂಡಿನ ಸೂಪನ್ನು ಫ್ಲಾಸ್ಕಿನಲ್ಲಿ ಬಿಸಿಬಿಸಿಯಾಗಿ ತಂದೆ. ಅಮ್ಮ ಪ್ರತಿಯೊಂದನ್ನೂ ಮೂಸಿ ನೋಡುವಳು, ಮಾಡಿದವರು ಯಾರು, ಯಾವ ಕಡೆಯವರು, ಮಕ್ಕಳೆಷ್ಟು ಎಂದು ವಿಚಾರಿಸುವಳು. ಬರ್ಮಾದಿಂದ ಜನ ಕಾಡಿನ ದಾರಿ ಹಿಡಿದು ನಡೆದುಕೊಂಡೇ ಬಂದ ಕಥೆ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಬಟ್ಟಲನ್ನು ನನ್ನ ಕಡೆಗೇ ತಳ್ಳಿದಳು.

"ನೀವು ತಿನ್ನಿ. ನಾನು ಆಮೇಲೆ ತಿಂತೀನಿ."

ಆ ಆಮೇಲೆ ಎನ್ನುವುದು ಬರುತ್ತಲೇ ಇರಲಿಲ್ಲ. ಊಟದ ಹೊತ್ತಿಗೆ ಮೊದಲು ಅವಳಿಗೇ ಬಡಿಸಿ, ನಾನೂ ನನ್ನ ಗಂಡನೂ ಮಂಚದ ಎರಡು ಬದಿಗೆ ನಿಂತು ಅವಳ ಬಾಯನ್ನೇ ನೋಡುತ್ತಿದ್ದೆವು. ಅವಳು ತಟ್ಟೆಯನ್ನು ನೋಡುತ್ತಿದ್ದಳು. ಯಾರೂ ಗೆಲ್ಲುತ್ತಿರಲಿಲ್ಲ.

ನನ್ನ ಶಿಷ್ಯೆಯರಲ್ಲಿ ಕೊರಿಯಾದವಳೊಬ್ಬಳಿದ್ದಾಳೆ. ಗಂಡನಿಗೆ ಗರುಡಾಚಾರ್‌ಪಾಳ್ಯದ ಕಡೆ ಕಂಪನಿ ಕೆಲಸ, ಮನೆ ಇಂದಿರಾನಗರದ ಒಂದು ಫ್ಲ್ಯಾಟಿನಲ್ಲಿ. ತಳ್ಳುಗಾಡಿಯವರ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ, ಕೊನೆಗೆ ಕೊತ್ತಂಬರಿ ಕಟ್ಟನ್ನು ಪುಕ್ಕಟೆ ಗಿಟ್ಟಿಸುವಷ್ಟು ಚುರುಕಾದ ಹೆಂಗಸು. ಅಮ್ಮನ ವಿಷಯ ಹೇಳಿದಾಗ ಅವಳು ಪುಸ್ತಕ ಮುಚ್ಚಿಟ್ಟು, ಭಾನುವಾರ ಮಧ್ಯಾಹ್ನ ಅವರನ್ನು ಕರೆದುಕೊಂಡು ಊಟಕ್ಕೆ ಬನ್ನಿ ಎಂದಳು. ಕಾಯಿಲೆಯಿಂದ ಎದ್ದವರಿಗೆ ತಮ್ಮಲ್ಲಿ ಕೋಳಿ ಹಾಕಿದ ಅಕ್ಕಿ ಗಂಜಿ ಮಾಡುತ್ತಾರಂತೆ. ಗಂಜಿ ಎಂದಾಗ ನನಗೆ ಒಳಗೊಳಗೇ ನಗು ಬಂತು. ನನ್ನ ಗಂಜಿಗೇ ಮುಖ ತಿರುಗಿಸಿದವಳು ಇವಳ ಗಂಜಿ ಮುಟ್ಟುತ್ತಾಳೆಯೇ? ಆದರೂ ಹೊರಟೆ. ಮನೆಯಲ್ಲಿ ಕೂತು ಕಾಯುವುದಕ್ಕಿಂತ ಅದು ವಾಸಿ.

ಅಮ್ಮ ಜರಿಯಂಚಿನ ಸೀರೆ ಉಟ್ಟಳು. ಎಷ್ಟು ನೆರಿಗೆ ಹಿಡಿದರೂ ಸೀರೆ ಉಳಿಯುತ್ತಿತ್ತು. ಆಟೋದಲ್ಲಿ ನನ್ನ ಭುಜಕ್ಕೊರಗಿ ಕೂತಳು.

ಟೇಬಲ್ಲಿನ ಮೇಲೆ ಎಲ್ಲರಿಗೂ ಗಂಜಿಯ ಬಟ್ಟಲುಗಳು, ನಡುವೆ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಎಳ್ಳೆಣ್ಣೆ ಹಾಕಿದ ಪಾಲಕ್ ಸೊಪ್ಪು, ಮೂಲಂಗಿ, ಕೆಂಪಗೆ ಹೊಳೆಯುವ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ. ಅವಳ ಗಂಡ ಬೆಳಗ್ಗೆಯಿಂದ ಬ್ಯಾಡ್ಮಿಂಟನ್ ಆಡಿ, ಸ್ನಾನ ಮುಗಿಸಿ ಆಗಷ್ಟೇ ಬಂದಿದ್ದ. ಎತ್ತರದ ಆಳು, ಕನ್ನಡ ಬರುವುದಿಲ್ಲ. ಬಾಗಿ ನಮಸ್ಕರಿಸಿ ಕೂತ. ಅವಳೂ ಕೂತಳು. ನಾವೂ ಕೂತೆವು.

ಯಾರೂ ತಿನ್ನಲಿಲ್ಲ. ಇಬ್ಬರೂ ತೊಡೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಪ್ರಾರ್ಥನೆ ಇರಬೇಕೆಂದುಕೊಂಡು ನಾನು ಕೈಮುಗಿದು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ, "ಯಾರ್ಗೋ ಎಡೆ ಇಕ್ಕವ್ರೇನೇ?" ಎಂದು ಕೇಳಿದಳು. ನಮ್ಮ ಕಡೆ ಸತ್ತ ಹಿರಿಯರಿಗೆ ಬಡಿಸಿಟ್ಟ ಎಡೆಯನ್ನು ಪೂಜೆ ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನನಗಿಲ್ಲವಾದ್ದರಿಂದ ಹೌದು ಎಂದುಬಿಟ್ಟೆ. ಅಮ್ಮ ಸೆರಗು ಹೊದ್ದು, ಕೈಮುಗಿದು, ಎಂದೂ ಕಾಣದ ಆ ಮನೆಯ ಹಿರಿಯರಿಗಾಗಿ ಭಕ್ತಿಯಿಂದ ಏನೋ ಬೇಡಿಕೊಳ್ಳತೊಡಗಿದಳು. ಅದನ್ನು ಕಂಡ ಗಂಡಹೆಂಡಿರು ಊಟಕ್ಕೆ ಮುಂಚೆ ಇದು ನಮ್ಮ ಪದ್ಧತಿಯೆಂದು ತಿಳಿದು ತಾವೂ ಕೈಮುಗಿದರು. ನಾಲ್ಕು ಜನ ಆರುತ್ತಿರುವ ಗಂಜಿಗೆ ಕೈಮುಗಿದು ಕೂತೆವು. ಯಾರು ಮೊದಲು ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ಆಗ ಅವಳ ಗಂಡನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುರ್ ಎಂದಿತು. ಅವನ ಮುಖ ಕೆಂಪಾಯಿತು. ಅಮ್ಮ ತಟ್ಟನೆ ಕಣ್ಣು ಬಿಟ್ಟಳು.

ಇನ್ನು ತಡೆಯಲಾರದೆ, ಏನಕ್ಕೆ ಕಾಯುತ್ತಿದ್ದೀರಿ ಎಂದು ನಾನು ಶಿಷ್ಯೆಯನ್ನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ಎಲ್ಲರಿಗಿಂತ ಹಿರಿಯರು ಚಮಚ ಎತ್ತಿದ ಮೇಲೆಯೇ ಉಳಿದವರು ತಿನ್ನುವುದು, ತಮ್ಮಲ್ಲಿ ಹಾಗೆ, ಅಜ್ಜಿ ಎತ್ತಲೆಂದು ಕಾಯುತ್ತಿದ್ದೇವೆ ಎಂದಳು. ಅಮ್ಮನಿಗೆ ಗಾಬರಿಯಾಯಿತು. ಹಸಿದ ಗಂಡಸೊಬ್ಬ ತನ್ನಿಂದಾಗಿ ಊಟ ಬಿಟ್ಟು ಕೂತಿದ್ದಾನೆ ಎಂಬುದು ಅವಳ ಬದುಕಿನಲ್ಲೇ ನಡೆಯದ ಸಂಗತಿ. ನೀವು ತಿನ್ನಿ, ನಾನು ಆಮೇಲೆ ತಿನ್ನುತ್ತೇನೆ ಎಂದು ಎಂದಿನ ಮಾತು ಶುರು ಮಾಡಿದಳು. ಶಿಷ್ಯೆ ತಲೆಯಾಡಿಸಿದಳು.

"ಇಲ್ಲ ಅಜ್ಜಿ. ನೀವು ಮೊದಲು. ನಾವು ಆಮೇಲೆ."

ಅಮ್ಮ ಆ ಹುಡುಗನ ಮುಖ ನೋಡಿದಳು. ಬಟ್ಟಲು ನೋಡಿದಳು. ಉದ್ದ ಹಿಡಿಯ ಚಮಚ ಎತ್ತಿ ಒಂದು ಬಾಯಿ ಗಂಜಿ ಕುಡಿದಳು. ಅವನು ಮರುಕ್ಷಣವೇ ಶುರು ಮಾಡಿದ. ಅಮ್ಮ ಚಮಚ ಕೆಳಗಿಟ್ಟಳು. ಅವನೂ ಮರ್ಯಾದೆಗೆ ಕೈ ನಿಧಾನ ಮಾಡಿದ. ಅಮ್ಮ ಅದನ್ನು ಗಮನಿಸಿ ಅವಸರದಿಂದ ಇನ್ನೊಂದು ಚಮಚ ತೆಗೆದುಕೊಂಡಳು. ಹೀಗೆ ಅವನ ಹೊಟ್ಟೆ ತುಂಬಿಸುವ ಜವಾಬ್ದಾರಿ ತನ್ನದೇ ಎಂಬ ಹಾಗೆ ಅವನ ಬಟ್ಟಲಿನ ಮೇಲೆ ಕಣ್ಣಿಟ್ಟು ತಿಂದಳು. ಮುಕ್ಕಾಲು ಬಟ್ಟಲು ಗಂಜಿ, ಕೋಳಿಯ ಎಳೆಗಳು, ಒಂದಷ್ಟು ಪಾಲಕ್ ಸೊಪ್ಪು ಕೂಡ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ನಾನು ತಿಂದದ್ದರ ರುಚಿ ಒಂದಿಷ್ಟೂ ನೆನಪಿಲ್ಲ. ಊಟದ ವಿಷಯದಲ್ಲಿ ನನಗೆ ಹಾಗಾಗಿದ್ದು ಅದೊಂದೇ ಸಲ.

ಬರುವಾಗ ಹಲಸೂರು ಕೆರೆಯ ಹತ್ತಿರ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಅಮ್ಮ ಹೊರಗೆ ನೋಡುತ್ತಲೇ ಹೇಳಿದಳು.

"ತಟ್ಟೆ ಮುಂದಿಟ್ಕೊಂಡು ನಂಗೋಸ್ಕರ ಯಾರೂ ಕಾದಿರ್ಲಿಲ್ಲ ಕಣೇ."

ತುಂಬಿದ ಮನೆಯಲ್ಲಿ ಸೊಸೆಯಾಗಿ ಬಂದವಳು ಅವಳು. ಗಂಡಸರು, ಮಕ್ಕಳು, ಬಂದವರು ಹೋದವರು, ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಕೂತು ಉಳಿದದ್ದನ್ನು ಉಣ್ಣುತ್ತಿದ್ದಳು. ಬೇರೆಯವರ ಹೊಟ್ಟೆ ತುಂಬಿದ ಮೇಲೆಯೇ ಅವಳಿಗೆ ಹಸಿವಾಗುತ್ತಿದ್ದುದು. ಅಂಥವಳನ್ನು ನಾವು ಮಂಚದ ಮೇಲೆ ಕೂರಿಸಿ, ಎಲ್ಲರಿಗಿಂತ ಮೊದಲು, ಒಬ್ಬಳೇ ತಿನ್ನು ಎಂದು ಕಾವಲು ನಿಂತಿದ್ದೆವು. ತುತ್ತು ಇಳಿಯುವುದಾದರೂ ಹೇಗೆ?

ಮರುದಿನ ಮನೆಯಲ್ಲಿ ಮತ್ತೆ ಅದೇ ರಾಗ. ಬೆಳಗ್ಗೆ ಎರಡು ತುತ್ತು ಉಪ್ಪಿಟ್ಟು ತಿಂದು ಸಾಕೆಂದಳು. ಕೊರಿಯಾದವರ ಮನೆಯಲ್ಲಿ ಅವರ ಕಟ್ಟಳೆ ಸರಿ, ನಮ್ಮ ಮನೆಯಲ್ಲಿ ಅಳಿಯನಿದ್ದಾನೆ. ಅಳಿಯ ಉಣ್ಣುವ ಮೊದಲು ಅತ್ತೆ ಉಣ್ಣುವುದೆಂದರೆ ಅವಳ ಲೆಕ್ಕದಲ್ಲಿ ಮಾನ ಕಳೆದುಕೊಂಡ ಹಾಗೆ. ಡಾಕ್ಟರು ಕೊಟ್ಟ ವಾರ ಮುಗಿಯುತ್ತಾ ಬಂದಿತ್ತು. ಹಸಿವು ತಡೆಯದ ನನ್ನ ಗಂಡನನ್ನು ಕೂರಿಸಿಕೊಂಡು, ಏನೇ ಆಗಲಿ ಅಮ್ಮ ಕೈ ಹಾಕುವ ತನಕ ಅನ್ನ ಮುಟ್ಟಕೂಡದು ಎಂದು ಹೇಳಿದೆ. ಅವರು ಒಪ್ಪಿಕೊಂಡರು.

ಮಧ್ಯಾಹ್ನ ಅಮ್ಮನನ್ನು ಮಂಚದಿಂದ ಎಬ್ಬಿಸಿ ಟೇಬಲ್ಲಿಗೆ ಕರೆತಂದೆ. ಮೂರು ತಟ್ಟೆ ಒಟ್ಟಿಗೇ ಬಡಿಸಿ ನಾನೂ ಕೂತೆ. ಉಣ್ಣಿ ಎಂದು ಅಮ್ಮ ಅಳಿಯನಿಗೆ ಹೇಳಿದಳು. ಅವರು ಕೈಕಟ್ಟಿ ಕೂತರು. ಸಾರು ಆರಿ ಹೋಗುತ್ತದೆ ಎಂದಳು. ಅವರು ಅಲ್ಲಾಡಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. ಇದು ಯಾರ ಕಿತಾಪತಿಯೆಂದು ಅವಳಿಗೆ ಗೊತ್ತಾಗಿತ್ತು. ನಾನು ಅನ್ನದ ಅಗುಳುಗಳನ್ನು ನೋಡುತ್ತಾ ಕೂತೆ.

"ನೀವು ಶುರು ಮಾಡಿ ಅತ್ತೆ," ಎಂದರು ನನ್ನ ಗಂಡ. "ನಂಗೆ ಸಖತ್ ಹಸಿವಾಗ್ತಿದೆ."

ಅವರ ದನಿಯಲ್ಲಿ ನಟನೆ ಇರಲಿಲ್ಲ. ಅಮ್ಮ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಅವಳ ಕಣ್ಣು ತುಂಬಿಕೊಂಡಿತ್ತು. ಸಿಟ್ಟೋ, ನಾಚಿಕೆಯೋ, ನಾನು ಕೇಳಲು ಹೋಗಲಿಲ್ಲ. ಆವತ್ತಿನಿಂದ ದಿನವೂ ಹಾಗೇ ಕೂತೆವು. ನನ್ನ ಗಂಡನನ್ನು ಹಸಿದಿರಿಸಬಾರದೆಂದೇ ಅವಳು ದಿನದಿನಕ್ಕೆ ಬೇಗ ಬೇಗ ಕೈ ಹಾಕತೊಡಗಿದಳು.

ಡಾಕ್ಟರು ತೂಕ ನೋಡಿ ಟ್ಯೂಬಿನ ಮಾತು ಬಿಟ್ಟರು. ಅವತ್ತು ಆಸ್ಪತ್ರೆಯಿಂದ ಬಂದು ಊಟಕ್ಕೆ ಕೂತಾಗ ಹೊತ್ತು ಮೀರಿತ್ತು, ಮೂವರಿಗೂ ಹಸಿವಾಗಿತ್ತು. ಅಮ್ಮ ಮೊದಲ ತುತ್ತು ಅಗಿಯುತ್ತಾ ಅರ್ಧಕ್ಕೆ ನಿಲ್ಲಿಸಿದಳು. ಮತ್ತೆ ಸಾಕೆನ್ನುತ್ತಾಳೆ ಎಂದುಕೊಂಡೆ. ಅವಳು ತಟ್ಟೆ ನೋಡಿ, ನನ್ನ ಮುಖ ನೋಡಿ, ಸ್ವಲ್ಪ ಗಡುಸಾಗಿಯೇ ಹೇಳಿದಳು.

"ಸಾರಿಗೆ ಉಪ್ಪು ಕಮ್ಮಿ ಆಗೈತೆ."

ನಮ್ಮ ಮನೆಯಲ್ಲಿ ಉಪ್ಪು ಖಾರದ ತಕರಾರು ಯಾವಾಗಲೂ ಮೊದಲು ಕೂತವರದು. ಕಡೆಗೆ ಉಣ್ಣುತ್ತಿದ್ದ ಅಮ್ಮ ಇದ್ದದ್ದನ್ನು ಉಂಡು ತಪ್ಪಲೆ ತೊಳೆದಿಡುತ್ತಿದ್ದಳು. ಅವಳ ಬಾಯಲ್ಲಿ ಇಂಥ ಮಾತನ್ನು ನನ್ನ ಇಷ್ಟು ವಯಸ್ಸಿಗೆ ಮೊದಲ ಸಲ ಕೇಳುತ್ತಿದ್ದೆ. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಿಟ್ಟೆ. ಅಮ್ಮ ಯಾರಿಗೂ ಬೇಕೇ ಎಂದು ಕೇಳದೆ ಚಿಟಿಕೆ ಉಪ್ಪು ತನ್ನ ತಟ್ಟೆಗೆ ಹಾಕಿಕೊಂಡು ಕಲಸಿದಳು.