ಬ್ಯಾನರಿಗೆ ಅಡ್ಡವಾದ ಕಿರೀಟ

ದೇಶದೇಶಗಳ ಗೆಳೆತನವನ್ನೂ ಕಲೆಯನ್ನೂ ಬೆಳೆಸಲೆಂದು ಅಜ್ಜಂದಿರು ಕಟ್ಟಿದ ಶಿರಸಿಯ ನಮ್ಮ ಕ್ಲಬ್ಬಿಗೆ ಒಬ್ಬರು ಕಾರ್ಯದರ್ಶಿ ಇದ್ದರು. ವಿದೇಶಿ ಅತಿಥಿ ಬರುವ ದಿನ ಮುಂದಿನ ಸಾಲಿನ ಕುರ್ಚಿಯನ್ನು ಸ್ವಂತ ಕರವಸ್ತ್ರದಿಂದ ಒರೆಸುತ್ತಿದ್ದರು. ನಮ್ಮ ಕುರ್ಚಿಗಳ ಧೂಳನ್ನು ನಮ್ಮ ಪ್ಯಾಂಟುಗಳೇ ಒರೆಸಬೇಕಿತ್ತು. “ಪ್ರಪಂಚ ನಮ್ಮನ್ನೇ ನೋಡ್ತಾ ಇದ್ದು” ಎನ್ನುವುದು ಅವರ ಮಾತು. ನಿಜಕ್ಕೂ ನೋಡುತ್ತಿದ್ದರೆ ಗತಿಯೇನೆಂದು ನಾನು ಅಂಗಿಯ ಗುಂಡಿ ಮುಟ್ಟಿಕೊಳ್ಳುತ್ತಿದ್ದೆ.

ಕಳೆದ ವರ್ಷ ಜರ್ಮನಿಯ ಅತಿಥಿಯೊಬ್ಬರಿಗೆ ತೋರಿಸಲು ಸಿದ್ದಾಪುರದ ಯಕ್ಷಗಾನ ಕಲಾವಿದರೊಬ್ಬರನ್ನು ಕರೆಸಿದ್ದರು. ಅವರು ವೇಷ ಕಟ್ಟಿ ಕಾದೇ ಕಾದರು. ಕಾರ್ಯದರ್ಶಿಯ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಅತಿಥಿ ಹೊರಡುವ ಹೊತ್ತಾಗಿತ್ತು.

“ಕುಣಿತ ಬ್ಯಾಡ ಮಾರಾಯಾ, ಫೋಟೋ ಸಾಕು. ಆ ಕಿರೀಟ ತೆಗಿ, ಹಿಂದೆ ಬ್ಯಾನರ್ ಕಾಣ್ತಿಲ್ಲೆ” ಎಂದರು ಕಾರ್ಯದರ್ಶಿ.

“ಮೂರು ತಾಸು ಬಣ್ಣ ಹಚ್ಕಂಡಿದ್ದು ನಿನ್ನ ಬ್ಯಾನರ್ ಕಾಯಲೆ ಅಲ್ಲ ಭಾವಾ. ಆನು ಕುಣಿತೆ” ಎಂದ ಕಲಾವಿದರು ಚಂಡೆಯವರಿಗೆ ಸನ್ನೆ ಮಾಡಿದರು.

ಚಂಡೆ ಶುರುವಾದದ್ದೇ ತಡ, ಹೆಗಲಿಗೇರಿಸಿದ್ದ ಚೀಲವನ್ನು ಇಳಿಸಿ ಅತಿಥಿ ನೆಲದ ಮೇಲೇ ಕೂತುಬಿಟ್ಟರು. ಕುಣಿತ ಮುಗಿಯುವವರೆಗೂ ಏಳಲಿಲ್ಲ.

ಚಪ್ಪಾಳೆಯ ನಡುವೆ ಕಾರ್ಯದರ್ಶಿ ನನ್ನ ಕಿವಿಗೆ ಬಾಗಿ, “ಕಂಡ್ಯಾ, ಆನೇ ಹೇಳಿ ಕುಣಿಸಿದ್ದು” ಎಂದು ತಮ್ಮ ಎದೆ ತಟ್ಟಿಕೊಂಡರು.

ಅಲ್ಲವೆಂದರೆ ಸದಸ್ಯತ್ವ ಹೋದೀತೆಂದು ಹೆದರಿ, ನಾನು ಹೌದೆಂದು ತಲೆಯಾಡಿಸಿದೆ.