ಮೊದಲ ನೀರು ಹಿತ್ತಲಿಗೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮ ಗೌರತ್ತೆ ಹೇಳುತ್ತಾಳೆ, ಅವಳ ಬಾಯಿಗೆ ಬಿದ್ದ ತಪ್ಪು ಬಾಣಲೆಗೆ ಬಿದ್ದ ಹಪ್ಪಳದ ಹಾಗೆ ಎರಡರಷ್ಟು ಅಗಲವಾಗುತ್ತದೆ. ಡಾಕ್ಟರ ದನಿಯಲ್ಲಿ ಫೋನ್ ಮಾಡಿ ನನ್ನ ಕಾಯಿಲೆಯನ್ನು ನಾನೇ ವಾಸಿ ಮಾಡಿಬಿಟ್ಟ ಭೂಪ ನಾನು.

ಇವತ್ತು ಸಂಜೆ ಅತ್ತೆಯ ಫ್ರಿಜ್ಜು ತೆಗೆದಾಗ ಅದೆಲ್ಲ ಮತ್ತೆ ಮೂಗಿಗೆ ಬಡಿಯಿತು. ಮೂಗಿಗೇ. ಆ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹುಳಿ, ಪೂಜೆಯ ಮಲ್ಲಿಗೆ, ಮಾವನ ಅಂಗಿಯಿಂದ ಇಡೀ ಮನೆಗೆ ಹತ್ತಿರುವ ಅರಿಶಿನ, ಎಲ್ಲವೂ ಸೇರಿ ಒಂದು ವಾಸನೆ. ಆ ವಾಸನೆಯ ನಡುವೆ ಹಾಲಿನ ಪಾಕೀಟಿನ ಪಕ್ಕ ನನ್ನ ಔಷಧಿ ಸೂಜಿಯ ಡಬ್ಬಿ. ಎರಡು ವಾರಕ್ಕೊಮ್ಮೆ ಆ ಸೂಜಿಯನ್ನು ನಾನೇ ತೊಡೆಗೆ ಚುಚ್ಚಿಕೊಳ್ಳಬೇಕು. ಮಾವ ಅರಿಶಿನ ಮಂಡಿಯಿಂದ ಬಂದವರು ಒಂದು ದಿನ ಆ ಡಬ್ಬಿಯನ್ನು ಐಸ್‌ಕ್ರೀಮ್ ಎಂದು ತೆಗೆದು ನೋಡಿ, ವಾಪಸ್ಸಿಟ್ಟು, ಕೈ ತೊಳೆದುಕೊಂಡರು.

ಕಾಯಿಲೆ ಏನೆಂದು ಕೇಳುತ್ತೀರಿ. ದೊಡ್ಡ ಕರುಳಿನ ಒಳಗೆ ಹುಣ್ಣು. ಯಾಕೆ ಬಂತು ಎಂದರೆ ಡಾಕ್ಟರು ಕನ್ನಡಕ ಒರೆಸುತ್ತಾರೆ. ಬಂದದ್ದು ಪೂರ್ತಿ ಹೋಗುವುದಿಲ್ಲವಂತೆ, ಔಷಧಿಗೆ ಹೆದರಿ ತೆಪ್ಪಗಿರುತ್ತದಂತೆ. ತೆಪ್ಪಗಿಲ್ಲದಾಗ ಹೊಟ್ಟೆ ಹಿಂಡುತ್ತದೆ, ರಕ್ತ ಹೋಗುತ್ತದೆ, ಓಡಬೇಕಾಗುತ್ತದೆ. ನಮ್ಮೂರು ಬೇಗೂರು. ಅಲ್ಲಿಂದ ಗುಂಡ್ಲುಪೇಟೆಯವರೆಗೆ ಯಾವ ಹೋಟೆಲಿನ ಹಿಂದೆ ಏನಿದೆ, ಯಾವುದರ ಚಿಲಕ ಒಳಗಿನಿಂದ ಬೀಳುವುದಿಲ್ಲ ಎನ್ನುವುದು ನನಗೆ ಕಂಡಕ್ಟರಿಗಿಂತ ಚೆನ್ನಾಗಿ ಗೊತ್ತು. ಕೆಲಸ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ, ವಾಸ ಚಾಮರಾಜನಗರದ ಈ ಸೋದರತ್ತೆಯ ಮನೆಯಲ್ಲಿ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು. ಬೆಲ್ಲವಿದ್ದರೆ ಬೆಲ್ಲ. ಈ ಕ್ರಮ ತಪ್ಪಿದರೆ ನೆಂಟರು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಗೌರತ್ತೆ ನನಗಾಗಿ ಅದನ್ನು ಮುರಿದಳು. ಬೀದಿ ತಿರುವಿನಲ್ಲಿ ನನ್ನ ನಡಿಗೆ ನೋಡಿದರೆ ಸಾಕು, ಅವಳಿಗೆ ಗೊತ್ತಾಗುತ್ತಿತ್ತು. ಮೊದಲ ನೀರು ಬಕೆಟ್ಟಿನಲ್ಲಿ ಸೀದಾ ಹಿತ್ತಲಿಗೆ, ಕಕ್ಕಸಿನ ಬಾಗಿಲಿಗೆ ಹೋಗುತ್ತಿತ್ತು. ಜಗುಲಿಯಲ್ಲಿ ಯಾರು ಕೂತಿದ್ದರೂ, "ದಾರಿ ಬುಡಿ, ಮಗ ಬತ್ತಾವ್ನೆ" ಎಂದು ಬದಿಗೆ ಸರಿಸುತ್ತಿದ್ದಳು. ಮುಖ್ಯಮಂತ್ರಿಗೂ ಹಾಗೆ ದಾರಿ ಬಿಡಿಸುವುದಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಡಾಕ್ಟರು ನನಗೆ ಖಾರ ಬಿಡಿಸಿದ ದಿನ ಅವಳು ಮಾದಪ್ಪನಿಗೆ ಹರಕೆ ಹೊತ್ತಳು: ಮಗನ ಹೊಟ್ಟೆ ತಣ್ಣಗಾಗಿ ಅವನು ಖಾರ ತಿನ್ನುವ ತನಕ ತಾನೂ ಖಾರ ಮುಟ್ಟುವುದಿಲ್ಲ. ಗೌರತ್ತೆ ಎಂದರೆ ಉಪ್ಸಾರಿನ ಜೊತೆಗೆ ಅರೆದಿಡುವ ಮೆಣಸಿನ ಖಾರವನ್ನು ಬೆರಳಲ್ಲಿ ನೆಕ್ಕುವ ಹೆಂಗಸು. ಅಂಥವಳು ನನ್ನೆದುರು ಕೂತು ಸಪ್ಪೆ ಅನ್ನ, ಮಜ್ಜಿಗೆ. ಮಾವ ಮಾತ್ರ ಗೊಣಗುತ್ತಿದ್ದರು, "ಕಾಯ್ಲೆ ಅವ್ನಿಗೆ, ಅರಕೆ ಇವ್ಳಿಗೆ, ಪಥ್ಯ ನಂಗೆ."

ಮಾತ್ರೆ ನುಂಗಿ ನುಂಗಿ ಕೆಲವು ತಿಂಗಳಲ್ಲಿ ನಾನು ಸರಿಹೋದೆ. ಸರಿಹೋದವನಿಗೆ ಮೊದಲು ಹೋಗುವುದು ಬುದ್ಧಿ. ಇನ್ನು ಮಾತ್ರೆ ಯಾಕೆ ಎನ್ನಿಸಿತು. ಆದರೆ ಊಟವಾದ ಮೇಲೆ ಅಂಗೈಯಲ್ಲಿ ಮಾತ್ರೆ ಹಿಡಿದು ನಿಲ್ಲುವ ಅತ್ತೆಯನ್ನು ದಾಟುವುದು ಹೇಗೆ? ನನಗಿರುವುದು ಒಂದೇ ವಿದ್ಯೆ, ಮಿಮಿಕ್ರಿ. ಮಾವನ ಕೆಮ್ಮು, ಕಂಡಕ್ಟರನ "ಮುಂದಕ್ಕೋಗಿ, ಮುಂದಕ್ಕೋಗಿ", ಕೇರಳದ ಶುಂಠಿ ವ್ಯಾಪಾರಿಯ ಕನ್ನಡ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಗೆಳೆಯನ ಫೋನು ಇಸಿದುಕೊಂಡು ಅತ್ತೆಗೆ ಫೋನ್ ಮಾಡಿ, ಡಾಕ್ಟರ ಹಾಗೆ ಎರಡು ಸಲ ಗಂಟಲು ಸರಿಮಾಡಿ ಶುರು ಮಾಡಿದೆ.

"ನೋಡೀಮ್ಮಾ, ನಿಮ್ಮ ಹುಡುಗನ ರಿಪೋರ್ಟ್ ಬಂದಿದೆ. ಇನ್ನು ಮಾತ್ರೆ ಬೇಡ. ಖಾರ ತಿನ್ನಲಿ, ಏನೂ ಯೋಚನೆ ಇಲ್ಲ."

ಆ ಕಡೆಯಿಂದ ಅತ್ತೆಯ ದನಿ ಒದ್ದೆಯಾಗಿ ಬಂತು. "ನಿಮ್ಮೊಟ್ಟೆ ತಣ್ಗಿರ್ಲಿ ಸಾ."

ಗೆಳೆಯರು ಬೆಂಚು ಬಡಿದು ನಕ್ಕರು. ನಾನೂ ನಕ್ಕೆ. ಮನೆಗೆ ಹೋದರೆ ಮುದ್ದೆ, ಉಪ್ಸಾರು, ಹಸಿಮೆಣಸಿನ ಖಾರ. ಅತ್ತೆ ಮೊದಲು ಮಾದಪ್ಪನ ಪಟಕ್ಕೆ ಕೈಮುಗಿದಳು, ಆಮೇಲೆ ಬೆರಳು ನೆಕ್ಕಿದಳು. ನಿಜ ಹೇಳಿಬಿಡಬಹುದಿತ್ತು. ಇನ್ನೊಂದು ತುತ್ತು ಮುದ್ದೆ ಮುರಿದೆ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಗುಂಡ್ಲುಪೇಟೆಯಲ್ಲಿ ಗೆಳೆಯನ ಮದುವೆ. ಆರ್ಕೆಸ್ಟ್ರಾದವರು ನನ್ನನ್ನು ವೇದಿಕೆಗೆ ಎಳೆದರು. ಕಂಡಕ್ಟರನ ಐಟಂ ಅರ್ಧಕ್ಕೆ ಬಂದಿತ್ತು, ಹೊಟ್ಟೆ ಹಿಂಡಿತು. "ಮುಂದಕ್ಕೋಗಿ, ಮುಂದಕ್ಕೋಗಿ" ಎನ್ನುತ್ತಲೇ ಮೈಕು ವರನ ಕೈಗೆ ಕೊಟ್ಟು, ವೇದಿಕೆಯಿಂದ ಧುಮುಕಿ ಓಡಿದೆ. ಅದೂ ಐಟಮಿನ ಭಾಗವೆಂದು ಛತ್ರದ ತುಂಬ ಚಪ್ಪಾಳೆ. ನನ್ನ ಬದುಕಿನಲ್ಲೇ ಬಿದ್ದ ಅತಿ ದೊಡ್ಡ ಚಪ್ಪಾಳೆಯನ್ನು ನಾನು ಛತ್ರದ ಕಕ್ಕಸಿನಲ್ಲಿ ಕೂತು, ಕೆಳಗೆ ರಕ್ತ ನೋಡುತ್ತ ಕೇಳಿಸಿಕೊಂಡೆ.

ಮರುದಿನ ಆಸ್ಪತ್ರೆ. ಡಾಕ್ಟರು ಕೇಳಿದರು, "ಮಾತ್ರೆ ಯಾರು ನಿಲ್ಲಿಸಿದ್ದು?"

"ನೀವೇ ಅಲ್ವಾ ಸಾ, ಫೋನ್ ಮಾಡಿದ್ದು," ಅಂದಳು ಅತ್ತೆ.

"ನಾನು ಯಾರಿಗೂ ಫೋನ್ ಮಾಡಲಿಲ್ಲವಲ್ಲಮ್ಮಾ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗಾಬರಿಯಲ್ಲಿ ಎರಡು ಸಲ ಗಂಟಲು ಸರಿಮಾಡಿದೆ, ಥೇಟು ಡಾಕ್ಟರ ಹಾಗೆ. ಗ್ಲೂಕೋಸು ಹಾಕುತ್ತಿದ್ದ ಸಿಸ್ಟರಿಗೆ ಮೊದಲು ಅರ್ಥವಾಗಿ, ನಗು ತಡೆಯಲಾರದೆ ಪರದೆಯ ಆಚೆ ಹೋದರು. ಅತ್ತೆ ನಗಲಿಲ್ಲ, ಬಯ್ಯಲಿಲ್ಲ. ವಾರ್ಡಿನಲ್ಲಿದ್ದಷ್ಟು ದಿನ ಗಂಜಿ ತಂದಳು, ಮಾತು ತರಲಿಲ್ಲ. ಮಾವನೇ ಪಿಸುಗುಟ್ಟಿದರು, "ಅರಕೆ ಮುರಿಸ್ಬುಟ್ಟೆ ಅಂತ ಕಣ್ಲಾ. ಮನೇಲಿ ಮತ್ತೆ ಸಪ್ಪೆ ಸುರುವಾಗ್ಬುಟ್ಟದೆ. ನಿನ್ ಮಿಮಿಕ್ರಿಗೆ ಬೆಂಕಿ ಬೀಳ."

ಈ ಸಲ ಮಾತ್ರೆಗೆ ಜಗ್ಗದ ಹುಣ್ಣಿಗೆ ಸೂಜಿ ಬಂತು. ಬೇಗೂರಿನ ಮನೆಯಲ್ಲಿ ಕರೆಂಟು ಯಾವಾಗ ಇರುತ್ತದೆಂದು ಕರೆಂಟಿಗೇ ಗೊತ್ತಿಲ್ಲ, ಸೂಜಿಯನ್ನೋ ತಣ್ಣಗಿಡಬೇಕು, ಫ್ರಿಜ್ಜಿರುವುದು ಅತ್ತೆಯ ಮನೆಯಲ್ಲಿ. ಅತ್ತೆ ಇನ್ನು ನನ್ನನ್ನು ಮನೆಗೆ ಸೇರಿಸುತ್ತಾಳೋ ಇಲ್ಲವೋ ಎಂದು ಡಬ್ಬಿ ಹಿಡಿದುಕೊಂಡು ಬೀದಿ ತಿರುವಿನಲ್ಲೇ ನಿಂತೆ. ಜಗುಲಿಯಿಂದ ನೋಡಿದಳು. ಒಳಗೆ ಹೋದಳು. ಹಿತ್ತಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಅಷ್ಟು ಸಾಕಾಗಿತ್ತು ನನಗೆ.

ಈಗ ಹಳೆಯದು ಸಾಕು, ಇವತ್ತಿಗೆ ಬನ್ನಿ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕರುಳೊಳಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು, ಹುಣ್ಣು ಮಾಯುತ್ತಿದೆ, ಸೂಜಿ ತಪ್ಪಿಸದಿದ್ದರೆ ಖಾರ ಸ್ವಲ್ಪ ಸ್ವಲ್ಪ ತಿನ್ನಬಹುದು ಎಂದರು. ಅತ್ತೆ ನಂಬಲಿಲ್ಲ. "ಇನ್ನೊಂದ್ಸಲ ಯೋಳಿ ಸಾ, ನಿಮ್ ಬಾಯಿ ನೋಡ್ಕತೀನಿ," ಎಂದು ಅವರ ತುಟಿಯನ್ನೇ ನೋಡುತ್ತ ಕೂತಳು. ಪಾಪ, ಅವರು ಇನ್ನೊಂದು ಸಲ ಹೇಳಿದರು.

ಸಂಜೆ ಒಲೆಯ ಮೇಲೆ ಉಪ್ಸಾರು ಕುದಿಯುತ್ತಿತ್ತು, ಅಡುಗೆಮನೆಯಲ್ಲಿ ಹುರಿದ ಮೆಣಸಿನಕಾಯಿಯ ಘಾಟು. ಮಾವ ಊಟಕ್ಕೆ ಮುಂಚೆಯೇ ತಟ್ಟೆ ಹಿಡಿದು ಕೂತಿದ್ದರು. ಸೂಜಿ ಚುಚ್ಚಿಕೊಳ್ಳುವ ದಿನವೂ ಇವತ್ತೇ. ಡಬ್ಬಿ ತೆಗೆದೆ, ತಣ್ಣಗಿತ್ತು. ಕರುಳು ಮಾಯುತ್ತಿದೆ, ಖಾರ ಬಂದಿದೆ, ಇನ್ನು ಇದೇಕೆ ಎಂದು ಒಳಗಿನಿಂದ ಅದೇ ಹಳೆಯ ಹುಳ ತಲೆ ಎತ್ತಿತು. ತಮಾಷೆಗೆ ಎಂದುಕೊಳ್ಳಿ, ಅರ್ಧ ನಿಜಕ್ಕೂ ಎಂದುಕೊಳ್ಳಿ, ಎರಡು ಸಲ ಗಂಟಲು ಸರಿಮಾಡಿ, "ನೋಡೀಮ್ಮಾ, ಇವತ್ತೊಂದು ದಿನ ಸೂಜಿ ಬೇಡ," ಎಂದುಬಿಟ್ಟೆ.

ಮಾವನ ತಟ್ಟೆ ಕೈಯಲ್ಲೇ ನಿಂತಿತು. ಅತ್ತೆ ಖಾರ ಅರೆಯುತ್ತಿದ್ದ ಕೈ ನಿಲ್ಲಿಸದೆ, ತಲೆಯನ್ನೂ ಎತ್ತದೆ ಅಂದಳು:

"ಗಂಟ್ಲು ಊರೋರ್ದೆಲ್ಲ ಇಟ್ಕೊ ಕಣ್ಲಾ, ಯಾರೂ ಬ್ಯಾಡ ಅನ್ನಕಿಲ್ಲ. ಕರುಳು ನಿಂಗಿರದು ಒಂದೇಯ. ಚುಚ್ಕೊಂಡು ಬಾ, ಮುದ್ದೆ ಆರೋಯ್ತದೆ."