ಕಾಂಡ್ಲಾ ಕಾಡಿನ ಎದುರಿನ ಗಟ್ಟಿ ನೆಲ

ಮನುಷ್ಯ ಕೆಸರಿನಲ್ಲಿ ಹೂತುಹೋಗುವಾಗ ಸದ್ದೇ ಆಗುವುದಿಲ್ಲ. ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ.

ಕಳೆದ ಶುಕ್ರವಾರ ಸಂಜೆ ನಮ್ಮ ಹಮೀದಾಕ ಸೊಂಟದವರೆಗೆ ಹೂತುಹೋದರು. ಕಾಡಿನಲ್ಲಿ. ಹೌದು, ಬಹರೈನಿನಲ್ಲಿ, ಕಾಡಿನಲ್ಲಿ! (ಊರಿಗೆ ಫೋನ್ ಮಾಡಿದರೆ ಅಕ್ಕ ಕೇಳಿದಳು, "ಮರಳುಗಾಡಿನಲ್ಲಿ ಎಂತ ಕಾಡು ಮಾರಾಯ?")

ಸನದ್‌ನಲ್ಲಿ ನನ್ನ ಫ್ಲ್ಯಾಟಿನ ಕೆಳಗೇ ಹಮೀದಾಕರ ಕೋಲ್ಡ್ ಸ್ಟೋರ್, ಅಂದರೆ ಇಲ್ಲಿಯ ದಿನಸಿ ಅಂಗಡಿ. ನಮ್ಮ ಕುಂದಾಪುರದ ಕಡೆಯವರು. ಅಲ್ಲಿಂದ ಸ್ವಲ್ಪ ದೂರ ಹೋದರೆ ಕಡಲ ಅಂಚಿನಲ್ಲಿ ಕಾಂಡ್ಲಾ ಮರಗಳು. ಊರಿನ ಹೊಳೆಬಾಯಿಯಲ್ಲಿ ಉಪ್ಪುನೀರು ಕುಡಿದು ಬೆಳೆಯುತ್ತವಲ್ಲ, ಅದೇ ಬಳಗದವು. ಅವರ ಮಗಳು ಸಫಾ ಸ್ಕೂಲಿನವರ ಜೊತೆ ಅಲ್ಲೊಂದು ಸಸಿ ನೆಟ್ಟಿದ್ದಳು. ಅದನ್ನು ನೋಡಲು ಮೂವರೂ ಹೋಗಿದ್ದೆವು.

ನೀರು ಇಳಿದಿತ್ತು. ಸಸಿಗೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿತ್ತು.

"ಉಪ್ಪಾ, ಇಟ್ ಕಾಂಟ್ ಬ್ರೀದ್!" ಎಂದಳು ಸಫಾ ಅಪ್ಪನಿಗೆ.

ಹಮೀದಾಕ ಚಪ್ಪಲಿ ಬಿಟ್ಟು ಪ್ಯಾಂಟ್ ಮಡಚಿದರು.

"ಇರಿ ಹಮೀದಾಕ, ನೆಲ ಹೇಗುಂಟೋ ಏನೋ," ಎಂದೆ.

"ನೀವು ಕಾಲೇಜು ಕಲಿತವರು ಹೆದರಿ ಮಾರಾಯ್ರೆ. ನಾನು ಕಾಂಡ್ಲದ ಬುಡದಲ್ಲಿ ಏಡಿ ಹಿಡಿದು ದೊಡ್ಡವನಾದವ!"

ಊರಿನ ರೂಢಿ ಗೊತ್ತಲ್ಲ? ಬರಿಗಾಲು, ಬೇರಿನಿಂದ ಬೇರಿಗೆ ಹೆಜ್ಜೆ. ಅಲ್ಲಿಯ ಬೇರುಗಳು ಕಮಾನಿನಂತೆ ಬಾಗಿ ಆಳಿನ ಭಾರ ಹೊರುತ್ತವೆ. ಇಲ್ಲಿಯವು ಪೆನ್ಸಿಲ್ಲಿನಷ್ಟೇ ದಪ್ಪ, ಮೊನೆ ಮೇಲೆ ಮಾಡಿ ಕೆಸರಿನಿಂದ ಎದ್ದು ನಿಂತಿರುತ್ತವೆ. ಅವುಗಳ ಮೇಲೆ ಯಾರು ಕಾಲಿಡುತ್ತಾರೆ? ಹಮೀದಾಕ ಬೇರುಗಳನ್ನು ತಪ್ಪಿಸಿ, ನುಣ್ಣಗೆ ಹೊಳೆಯುತ್ತಿದ್ದ ಬರೀ ಕೆಸರಿಗೆ ಇಳಿದರು.

ಮೊಣಕಾಲು. ತೊಡೆ. ಸೊಂಟ.

ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಅಷ್ಟರಲ್ಲಿ ನೀರು ತಿರುಗಿ ಬರತೊಡಗಿತ್ತು.

ನಾನು ಕೂಗಿದೆ. ಹಿಂದಿನ ರಸ್ತೆಯಲ್ಲಿ ಕಾರುಗಳು ಗಾಜು ಏರಿಸಿ, ಎಸಿ ಹಾಕಿಕೊಂಡು ಹೋಗುತ್ತಿದ್ದವು. ಯಾರಿಗೆ ಕೇಳಬೇಕು? ಎಮರ್ಜೆನ್ಸಿಗೆ ಫೋನ್ ಮಾಡಿದೆ. (ಕೆಸರಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆ? ಇಷ್ಟು ವರ್ಷ ಇಲ್ಲಿದ್ದೂ ಕಲಿತಿರಲಿಲ್ಲ.) ಇನ್ನೊಂದು ಕೈಯಲ್ಲಿ ಸಫಾಳ ತೋಳು. ಅವಳು ಕೆಳಗೆ ಜಿಗಿಯಲು ಎಳೆದಾಡುತ್ತಿದ್ದಳು.

"ಮಗುವನ್ನು ಬಿಡಬೇಡಿ ಮಾರಾಯ್ರೆ," ಎಂದರು ಹಮೀದಾಕ. ಅಷ್ಟೇ.

ಆಮೇಲೆ, ಸಹಾಯ ಬರುವುದಕ್ಕೆ ಕಾಯದೆ, ಈಜುವವರಂತೆ ಕೆಸರಿನ ಮೇಲೆ ಎದೆ ಊರಿ ಮಲಗಿದರು. ಸಸಿಯ ಆಚೆಗಿದ್ದ ದೊಡ್ಡ ಮರದ ಬೇರುಗಳ ಕಡೆ ಕೈ ಚಾಚಿದರು. ಹಿಡಿದದ್ದು ಪಟಪಟ ಮುರಿಯಿತು. ಮತ್ತೆ ಹಿಡಿದರು, ಮತ್ತೆ ಮುರಿಯಿತು. ಕೊನೆಗೆ ಎರಡೂ ಕೈಯಲ್ಲಿ ಬಾಚಿ ಹಿಡಿದ ಒಂದು ಕಂತೆ ಮುರಿಯಲಿಲ್ಲ. ಅದನ್ನೇ ಜಗ್ಗಿ ತೆವಳಿದರು. ಬೇರುಗಳ ಮೇಲೆಯೇ ಮೊಣಕಾಲೂರಿ, ಸುತ್ತುಹಾಕಿ ದಡಕ್ಕೆ ಬಂದರು. ಮೈಯೆಲ್ಲ ಕಪ್ಪು, ಅಂಗೈಯಲ್ಲಿ ರಕ್ತ.

ನಾನು ಅಳುತ್ತಿದ್ದೆ. ಸಫಾ ಕೂಡ. ಆದರೆ ಅವಳು ನೋಡುತ್ತಿದ್ದುದು ಅಪ್ಪನ ಹಿಂದೆ. ತೆವಳುವಾಗ ಸಸಿ ಅವರ ಎದೆಯಡಿ ಸಿಕ್ಕಿ ಕೆಸರಿಗೆ ಅಂಟಿಹೋಗಿತ್ತು.

"ಯು ಕಿಲ್ಡ್ ಇಟ್!"

"ಖಲಾಸ್ ಮೋಳೇ, ಸಾಕು ಅಳು, ಇನ್ನೊಂದು ನೆಡುವ," ಎಂದ ಹಮೀದಾಕ ಅಲ್ಲೇ ಕುಸಿದು ಕುಳಿತರು.

ಅಂದಿನಿಂದ ಲಿಫ್ಟಿನಲ್ಲಿ, ಸಿಗ್ನಲ್ಲಿನಲ್ಲಿ, ಊಟದ ನಡುವೆ ಅದೇ ರೀಪ್ಲೇ. ನಾನು ಯಾರ ಮೇಲೆ ಸಿಟ್ಟಾಗಬೇಕು? ಕಾಡಿನ ಮೇಲೆಯಾ? ಅವರನ್ನು ಹಿಡಿದುಕೊಂಡದ್ದು ಅದೇ ಅಲ್ಲವಾ? ಕೈಬಿಟ್ಟದ್ದು ಮರವಿಲ್ಲದ ಜಾಗ. ಅಲ್ಲೂ ಹಿಂದೆ ಮರಗಳಿದ್ದವಂತೆ. ನಾನು ಫೋನ್ ಹಿಡಿದು ನಿಂತಿದ್ದ ಜಾಗದಲ್ಲೂ ಇದ್ದವಂತೆ. ಮಣ್ಣು, ಕಲ್ಲು ಸುರಿದು ಗಟ್ಟಿ ಮಾಡಿದ್ದಾರೆ. ಅಂದರೆ ಹಮೀದಾಕರನ್ನು ಉಳಿಸಿದ್ದು ಉಳಿದ ಕಾಡು. ನನ್ನ ಕಾಲು ಹೂತುಹೋಗದಂತೆ ನೋಡಿಕೊಂಡದ್ದು ಕಾಡು ಹೋದ ನೆಲ. ಯಾವುದಕ್ಕೆ ಥ್ಯಾಂಕ್ಸ್ ಹೇಳಲಿ? ಬರೆದ ಮೇಲೂ ನನಗಿದು ಬಗೆಹರಿದಿಲ್ಲ.

ನಿನ್ನೆ ಹಾಲು ತರಲು ಹೋಗಿದ್ದೆ. ಹಮೀದಾಕರ ಕೈಗೆ ಬ್ಯಾಂಡೇಜ್. ಕೌಂಟರ್ ಮೇಲೆ ಐಸ್‌ಕ್ರೀಮ್ ಡಬ್ಬಿಯಲ್ಲಿ ಹೊಸ ಸಸಿ.

"ಅಂಕಲ್," ಎಂದಳು ಸಫಾ, "ಕೆಸರಿನ ಹತ್ತಿರ ಹೋಗ್ಬಾರ್ದು ಅಂತಾರೆ ಉಪ್ಪ. ಅವತ್ತು ನೀವು ನಿಂತಿದ್ರಲ್ಲ, ಆ ಸೇಫ್ ಜಾಗದಲ್ಲಿ ಇದನ್ನು ನೆಡ್ಬಹುದಾ?"

ಹಮೀದಾಕ ನನ್ನ ಮುಖ ನೋಡಿದರು. ಉಪ್ಪುನೀರೂ ಕೆಸರೂ ಇಲ್ಲದ ಆ ಗಟ್ಟಿ ನೆಲದಲ್ಲಿ ಅದು ಬದುಕುವುದಿಲ್ಲ ಎಂದು ಅವಳಿಗೆ ನಮ್ಮಲ್ಲಿ ಯಾರು ಹೇಳುವುದು?